ಬೀಳದ ರಿವರ್ಸ್

"ಇದರಾಗ ರಿವರ್ಸ್ ಬೀಳಲಾರದ್ದು ಯಾವದೈತಿ, ಅದನ್ನ ತೋರಸ್ರಿ," ಎಂದಳು ರಂಗವ್ವ.

ಬಾಗಲಕೋಟೆ ನವನಗರದ ಆ ಟ್ರ್ಯಾಕ್ಟರ್ ಅಂಗಡಿಯಲ್ಲಿ ಗಿರಾಕಿಗಳಿಗೆ ಗಾಡಿ ತೋರಿಸುವ ಕೆಲಸ ದುಂಡೇಶನದು. ಡೀಸೆಲ್ ಕಡಿಮೆ ಕುಡಿಯುವುದು ಯಾವುದೆಂದು ಕೇಳುವವರನ್ನು ಕಂಡಿದ್ದ, ಬಣ್ಣ ನೋಡಿಯೇ ಮನಸೋತವರನ್ನು ಕಂಡಿದ್ದ, ಮೂಡಣಕ್ಕೆ ಮುಖ ಮಾಡಿ ನಿಂತ ಗಾಡಿಯೇ ಬೇಕೆಂದು ಹಟ ಹಿಡಿದವರನ್ನೂ ಕಂಡಿದ್ದ. ಇಂಥ ಮಾತು ಕೇಳಿರಲಿಲ್ಲ.

"ಬೀಳಲಾರದ್ದಲ್ರಿ ಅಕ್ಕಾರ, ಹಗೂರಕ ಬೀಳೂದು ಅನ್ನಾಕತ್ತೀರಿ ನೀವು," ಎಂದು ತಾನೇ ತಿದ್ದಿದ.

"ನಾ ಏನ ಅನ್ನಾಕತ್ತೇನಿ ನನಗ ಗೊತ್ತೈತಿ. ಮುಂದ ಹೋಗಬೇಕು, ಹಿಂದ ಬಾ ಅಂದ್ರ ಬರಬಾರದು. ಅಂಥಾದು ಐತೋ ಇಲ್ಲೋ?"

ಅವಳ ಗಂಡ ಲಕ್ಷ್ಮಣ ಬಾಗಿಲ ಹತ್ತಿರ ಒಂದು ಸಣ್ಣ ಟ್ರ್ಯಾಕ್ಟರಿನ ಗಾಲಿಯನ್ನು ಎತ್ತಿನ ಬೆನ್ನು ತಟ್ಟಿದಂತೆ ತಟ್ಟುತ್ತ ನಿಂತಿದ್ದ. ಅವನಿಗೆ ಈ ಮಾತು ಕೇಳಿಸಲಿಲ್ಲ. ಕೇಳಿಸಿದ್ದರೂ ಅವನು ಏನೂ ಅನ್ನುತ್ತಿರಲಿಲ್ಲ. ಮನೆಯಳಿಯನಾಗಿ ಬಂದವನು. ಹೊಲ ಹೆಂಡತಿಯದು, ದಾಳಿಂಬೆ ಗಿಡ ಇಬ್ಬರವು, ಜಗಳ ಮಾತ್ರ ತನ್ನದಲ್ಲ ಎಂದುಕೊಂಡು ಬದುಕುತ್ತಿದ್ದ ಸಮಾಧಾನಿ.

ದುಂಡೇಶ ತಲೆ ಕೆರೆದುಕೊಂಡು, ಸಾಲಾಗಿ ನಿಂತ ಗಾಡಿಗಳ ನಡುವೆ ಅವಳನ್ನು ಕರೆದೊಯ್ದ. "ನೋಡ್ರಿ, ಇದು ಹಳೀ ನಮೂನಿ. ಗೇರ ಕಡ್ಡಿ ಎರಡೂ ಕಾಲಿನ ನಡಕ ಬರ್ತೈತಿ. ಗಾಡಿ ಪೂರಾ ನಿಂತ ಮ್ಯಾಲನ ಗೇರ ಬೀಳ್ತಾವು, ಅವಸರ ಮಾಡಿದ್ರ ಕರಕರ ಅಂತೈತಿ. ಇದು ಎರಡನೇದ್ದು, ಕಡ್ಡಿ ಬಾಜೂಕ ಐತಿ, ಸೀರಿ ಉಟ್ಟವರಿಗೂ ಕುಂದ್ರಾಕ ಆರಾಮ. ಇನ್ನ ಈ ಮೂರನೇದ್ದು ಬರೇ ತ್ವಾಟದ ಕೆಲಸಕ್ಕಂತನ ಮಾಡಿದ್ದು. ಇದಕ್ಕ ಶಟಲ್ ಅಂತಾರ. ಸ್ಟೇರಿಂಗ್ ಕೆಳಗ ಈ ಸಣ್ಣ ಹಿಡಿಕಿ ನೋಡ್ರಿ. ಕ್ಲಚ್ ತುಳದು ಮುಂದ ನೂಕಿದ್ರ ಮುಂದ, ಹಿಂದ ಎಳದ್ರ ಹಿಂದ. ಗಿಡದ ಸಾಲಿನ್ಯಾಗ ಹೊಳ್ಳಾಕ ಜಾಗಾ ಇಲ್ಲ ಅಂದ್ರ ಇದರಂಥಾದ್ದು ಇಲ್ಲ."

"ಕ್ಲಚ್ಚೇ ಇಲ್ಲದ್ದು ಬರ್ತಾವಂತಲ್ಲ?"

"ಬರ್ತಾವ್ರಿ. ಎಣ್ಣಿ ಒತ್ತಡದ ಮ್ಯಾಲ ಓಡ್ತಾವು, ಕಾಲಾಗ ಪೆಡಲ್ ಒತ್ತಿದ್ರ ಮುಗೀತು. ಹೊರದೇಶದ ಮಂದಿ ಹುಲ್ಲು ಕತ್ತರಸಾಕ ಇಟ್ಕೊಂಡಿರ್ತಾರ. ನಮ್ಮ ಎರಿ ಮಣ್ಣಿನ್ಯಾಗ ಅದನ್ನ ಬಿಟ್ಟು, ನಾಳೆ ರಿಪೇರಿಗೆ ಯಾರ ಕಡೆ ಒಯ್ತೀರಿ?"

ರಂಗವ್ವ ಮೂರನೆಯ ಗಾಡಿಯ ಹಿಡಿಕೆಯನ್ನು ಮುಟ್ಟಲೂ ಇಲ್ಲ. ಮೊದಲನೆಯದರ ಗೇರುಕಡ್ಡಿಯ ಮೇಲೆ ಕೈಯಿಟ್ಟು, "ಇದು ಎಷ್ಟ ದಿನದಾಗ ಸವೀತೈತಿ?" ಎಂದು ಕೇಳಿದಳು. ದುಂಡೇಶ ಸಣ್ಣಗೆ ನಕ್ಕು, ಚಹಾ ಹೇಳಿ ಕಳಿಸಿದ.

ಆ ಪ್ರಶ್ನೆಯ ಹಿಂದೆ ಒಂದು ಸಮಾಧಿ ಇತ್ತು.

ರಂಗವ್ವನ ಅಪ್ಪ ದುರಗಪ್ಪ ಕುರಿ ಕಾಯ್ದು ಬಾಳಿದವನು. ಗಂಡು ಮಕ್ಕಳಿರಲಿಲ್ಲ. ಸತ್ತಾಗ ಅವನನ್ನು ಹುನಗುಂದದ ದಾರಿಗೆ ಹತ್ತಿದ ತನ್ನದೇ ಹೊಲದಲ್ಲಿ, ಬದುವಿನ ಪಕ್ಕ ಮಣ್ಣು ಮಾಡಿದ್ದರು. ಬದುವಿನ ಆಚೆ ಅವನ ತಮ್ಮನ ಮಗ ಚಂದಪ್ಪನ ಹೊಲ. ದೊಡ್ಡಪ್ಪನ ಹೊಲ ಕೊನೆಗೆ ತನ್ನ ಕಡೆಗೇ ಬರುತ್ತದೆಂದು ಚಂದಪ್ಪ ಮೀಸೆ ಮೂಡುವ ಮೊದಲಿನಿಂದ ನಂಬಿಕೊಂಡು ಬಂದವನು. ಅದು ಮಗಳಿಗೆ ಹೋಯಿತು, ಮಗಳು ಗಂಡನನ್ನು ಊರಿಗೇ ಕರೆತಂದು ದಾಳಿಂಬೆ ಹಚ್ಚಿದಳು. ಚಂದಪ್ಪ ಬಾಯಲ್ಲಿ ಏನೂ ಅನ್ನಲಿಲ್ಲ. ಊರಲ್ಲಿ ಟ್ರ್ಯಾಕ್ಟರ್ ಇದ್ದದ್ದು ಅವನದೇ. ಅವಳು ಗಿಡ ಹಚ್ಚದೆ ಬಿಟ್ಟ ಹೊಲಕ್ಕೆ ರಂಟೆ ಹೊಡೆಯಲು ಅವನೇ ಬರುತ್ತಿದ್ದ, ತಂಗಿ ಎಂದು ಕರೆಯುತ್ತಿದ್ದ, ಬುತ್ತಿ ಬಿಚ್ಚಿದರೆ ರೊಟ್ಟಿ ಮುರಿದು ತಿನ್ನುತ್ತಿದ್ದ.

ಹೋದ ವರ್ಷದ ಹಿಂದಿನ ಮುಂಗಾರಿಗೆ ಮೊದಲು ಅವಳು ಇಳಕಲ್ಲಿಗೆ ಸಂತೆಗೆ ಹೋಗಿ ಬರುವಷ್ಟರಲ್ಲಿ ಹೊಲ ಹರಗಿ ಮುಗಿದಿತ್ತು. ಅಪ್ಪನ ಸಮಾಧಿ ಇದ್ದ ಜಾಗ ಉಳಿದ ಹೊಲದಂತೆಯೇ ಕಪ್ಪಗೆ, ಮೆತ್ತಗೆ ಮಲಗಿತ್ತು. ಎಲ್ಲಿ ತಲೆ, ಎಲ್ಲಿ ಕಾಲು ಎಂಬ ಗುರುತೂ ಉಳಿದಿರಲಿಲ್ಲ.

ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ಚಂದಪ್ಪ ತಲೆ ತಗ್ಗಿಸಿ ಬಂದ. "ರಿವರ್ಸ್ ಬೀಳಲಿಲ್ರಿ. ಸಮಾದಿ ಮುಂದ ಬಂದು ಹಿಂದ ತಗೋಬೇಕು ಅಂತ ಎಷ್ಟ ಜಗ್ಗಿದ್ರೂ ಗೇರ ಬೀಳಲಿಲ್ಲ, ಗಾಡಿ ಮುಂದಕ್ಕ ಹೋಗಿಬಿಡ್ತು. ಅಂವ ನನ್ನ ದೊಡಪ್ಪ. ಬೇಕಂತ ಮಾಡ್ತೇನೇನು?" ಎಂದ. ಯಾರೂ ಕೇಳದಿದ್ದರೂ ಗುಡಿಯೊಳಗೆ ಹೋಗಿ ಅಂಗೈ ತುಂಬ ಭಂಡಾರ ಹಿಡಿದು ಬಂದು, ಅದೇ ಮಾತನ್ನು ಮತ್ತೊಮ್ಮೆ ಹೇಳಿದ. ಅರಿಷಿಣದ ಪುಡಿ ಬೆರಳ ಸಂದಿಯಿಂದ ಅವನ ಧೋತರದ ಮೇಲೆ ಉದುರಿತು. ಭಂಡಾರ ಹಿಡಿದು ಆಡಿದ ಮಾತಿನ ಮೇಲೆ ಮಾತಾಡುವ ಪದ್ಧತಿ ಆ ಊರಲ್ಲಿಲ್ಲ. "ಮಷಿನ್‌ಗೇನ ಜೀವ ಐತೆನ? ಬಿಡ ತಂಗಿ," ಎಂದು ಹಿರಿಯರು ಎದ್ದರು.

ಅಂದಿನಿಂದ ಆ ಮಾತು ಊರಿನ ಬಾಯಿಗೆ ಬಿತ್ತು. ಯಾರಾದರೂ ಬೀಗರ ಮನೆಯಿಂದ ತಡವಾಗಿ ಬಂದರೆ, ಯಾಕಪಾ, ರಿವರ್ಸ್ ಬೀಳಲಿಲ್ಲೇನು ಎಂದು ನಗುವರು. ನೀರು ತರಲು ಹೋದಾಗ, ಹಿಟ್ಟಿನ ಗಿರಣಿಯಲ್ಲಿ ಕೂತಾಗ ರಂಗವ್ವ ಅದನ್ನು ಕೇಳುತ್ತಿದ್ದಳು. ಅವಳ ಅಪ್ಪನ ಎಲುಬಿನ ಮೇಲೆ ಊರು ಒಂದು ನಗೆಮಾತು ಕಟ್ಟಿಕೊಂಡಿತ್ತು. ಅವಳಿಗೆ ಬೇರೇನೂ ಬೇಕಾಗಿರಲಿಲ್ಲ. ಚಂದಪ್ಪನ ಬಾಯಿಂದ, ಅದೇ ಕಟ್ಟೆಯ ಮೇಲೆ, ಆ ಮಾತು ಸುಳ್ಳೆಂದು ಬರಬೇಕು. ಬರದಿದ್ದರೆ ಅವನಿಗೂ ಅದೇ ಉರಿ ಹತ್ತಬೇಕು.

ದಾರಿ ತೋರಿಸಿದವನು ಚಂದಪ್ಪನೇ. ಸಮಾಧಿ ಹೋಯಿತು, ಇನ್ನು ಬದುವನ್ನೂ ಒಂದಿಷ್ಟು ಸರಿಸಬಹುದೆಂದು ಆಸೆಬಿದ್ದು ಮೋಜಣಿಯವರನ್ನು ಕರೆಸಿದ. ಅವರು ಸರಪಳಿ ಎಳೆದು ಕಲ್ಲು ನೆಟ್ಟು ಹೋದಾಗ ಗೆರೆ ತಿರುಗಿ ಅವನ ಹೊಲದೊಳಕ್ಕೇ ಸರಿದಿತ್ತು. ಅವನ ಅಪ್ಪ ಯಲ್ಲಪ್ಪನ ಸಮಾಧಿ, ಸುತ್ತ ಸುಣ್ಣ ಬಳಿದ ಕಲ್ಲಿಟ್ಟು ಪ್ರತಿ ಅಮಾವಾಸ್ಯೆಗೆ ಕಾಯಿ ಒಡೆಯುವ ಜಾಗ, ರಂಗವ್ವನ ಹೊಲಕ್ಕೆ ಬಂದುಬಿಟ್ಟಿತ್ತು.

"ನಿಮ್ಮಪ್ಪ ನನಗೂ ಕಾಕಾನ. ಅಲ್ಲೇ ಇರ್ಲಿ ಬಿಡ," ಎಂದಿದ್ದಳು ರಂಗವ್ವ ಅಂದು. ಅವಳ ದೊಡ್ಡ ಮನಸ್ಸನ್ನು ಊರು ಹೊಗಳಿತು. ಚಂದಪ್ಪ ಕೂಡ ಕಣ್ಣೊರೆಸಿಕೊಂಡ. ಅವಳು ಆಗಲೇ ಟ್ರ್ಯಾಕ್ಟರ್ ಕೊಳ್ಳುವುದೆಂದು ನಿಶ್ಚಯಿಸಿದ್ದಳು.

ಬಾಗಲಕೋಟೆಯಲ್ಲಿ ಬೇಕಾದದ್ದು ಸಿಗದೆ ಮರುವಾರ ಅವಳು ಇಳಕಲ್ಲಿಗೆ ಹೋದಳು. ಅಲ್ಲಿ ಕಲ್ಲಿನ ಪಾಲಿಶ್ ಕಾರ್ಖಾನೆಗಳ ಹಿಂದೆ ಮುರ್ತುಜಸಾಬನ ಗ್ಯಾರೇಜು. ಹಳೆಯ ಗಾಡಿಗಳನ್ನು ಬಿಚ್ಚಿ, ಜೋಡಿಸಿ ಮಾರುವವನು. ಕಲ್ಲಿನ ಬಿಳಿ ಧೂಳು ಅವನ ಗಡ್ಡದ ಮೇಲೂ ಕೂತಿರುತ್ತಿತ್ತು.

"ಇದೊಂದೈತಿ ಯವ್ವಾ, ಖರೇನ ಹೇಳಿಬಿಡ್ತೇನಿ, ನಿನಗ ಬ್ಯಾಡ," ಎಂದು ಮೂಲೆಯಲ್ಲಿ ನಿಂತ ಬಣ್ಣಗೆಟ್ಟ ಸಣ್ಣ ಟ್ರ್ಯಾಕ್ಟರನ್ನು ತೋರಿಸಿದ. "ಇಂಜಿನ್ ಹುಲಿ. ಗೇರಿನ ಹಲ್ಲ ಮಾತ್ರ ಮುದುಕರ ಹಲ್ಲು. ರಿವರ್ಸ್ ಅಂತೂ ಅದರ ಮರ್ಜಿ ಇದ್ರ ಬೀಳ್ತೈತಿ."

ರಂಗವ್ವ ಸೀರೆಯನ್ನು ಕಚ್ಚೆ ಹಾಕಿ ಹತ್ತಿ ಕೂತಳು. ಟ್ರ್ಯಾಕ್ಟರ್ ಹೊಡೆಯುವುದನ್ನು ಅವಳು ಗಂಡನ ಊರಿನವನೊಬ್ಬನ ಗಾಡಿಯಲ್ಲಿ ಆಗಲೇ ಕಲಿತಿದ್ದಳು. ಮುಂದಕ್ಕೆ ಬಿಟ್ಟಳು, ನಿಲ್ಲಿಸಿದಳು, ಕಡ್ಡಿಯನ್ನು ರಿವರ್ಸಿಗೆ ಎಳೆದಳು. ಕರಕರ ಎಂದು ಕಬ್ಬಿಣ ಹಲ್ಲು ಕಡಿಯಿತು. ಮತ್ತೆ ಎಳೆದಳು. ಮತ್ತೆ ಅದೇ. ಅವಳ ಮುಖ ಬೆಳಗಿತು. ಆ ಸದ್ದಿನಲ್ಲಿ ಅವಳಿಗೆ ಕಟ್ಟೆಯ ಮೇಲೆ ನಿಂತು ತಾನು ಹೇಳುವ ಮಾತು ಕೇಳಿಸುತ್ತಿತ್ತು: ರಿವರ್ಸ್ ಬೀಳಲಿಲ್ರಿ, ಎಷ್ಟ ಜಗ್ಗಿದ್ರೂ ಬೀಳಲಿಲ್ಲ, ಅಂವ ನನ್ನ ಕಾಕಾ, ಬೇಕಂತ ಮಾಡ್ತೇನೇನು. ಅಂಗೈ ತುಂಬ ಭಂಡಾರ. ಎದುರಿಗೆ ಚಂದಪ್ಪನ ಮುಖ.

"ಇದನ್ನ ತಗೋತೇನಿ," ಎಂದಳು ಇಳಿದು ಬಂದು.

ಮುರ್ತುಜಸಾಬ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ. "ಹುಚ್ಚೇನವಾ? ನಾಳೆ ಯಾರದರೆ ಗ್ವಾಡಿಗೆ ಹಾಯಿಸ್ತಿ."

"ಹಾಯಿಸಿದ್ರ ಏನಂತಾರ ಮಂದಿ?"

"ಏನಂತಾರ? ಗಾಡಿ ಕೆಟ್ಟೈತಿ ಅಂತಾರ. ನನಗ ಬೈತಾರ. ನಿನಗ್ಯಾರೂ ಏನೂ ಅನ್ನಂಗಿಲ್ಲ, ಪಾಪ ಹೆಣ್ಣಮಗಳು ಅಂತಾರ. ಗ್ವಾಡಿ ಮಾಲಕನೂ ಎರಡ ದಿನ ಬಿಟ್ಟು ಮರೀತಾನ."

ರಂಗವ್ವ ಗ್ಯಾರೇಜಿನ ಹೊರಗಿನ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದಳು. ಪಾಪ ಹೆಣ್ಣಮಗಳು. ಮಾಲಕನೂ ಮರೀತಾನ. ಆ ಗಾಡಿ ಒಯ್ದರೆ ಕಾಕಾನ ಸಮಾಧಿಯನ್ನು ಒಡೆದವಳು ಅವಳಾಗುವುದಿಲ್ಲ, ಸವೆದ ಕಬ್ಬಿಣವಾಗುತ್ತದೆ. ಚಂದಪ್ಪ ಒಂದು ದಿನ ಅತ್ತು, ಮಷಿನ್‌ಗೇನ ಜೀವ ಐತೆನ ಎಂದು ತಾನೇ ಹೇಳಿ, ಊಟ ಮಾಡಿ ಮಲಗುತ್ತಾನೆ. ಅದಕ್ಕಿಂತ ಕೆಟ್ಟದ್ದು, ಅವಳು ಅದೇ ಸುಳ್ಳನ್ನು ಆಡಿದ ಮೇಲೆ ಅವನ ಸುಳ್ಳು ಸುಳ್ಳಾಗಿ ಉಳಿಯುವುದೇ ಇಲ್ಲ. ಎರಡು ಗಾಡಿ ಕೆಟ್ಟವು, ಅಣ್ಣ ತಂಗಿ ಸರಿಹೋದರು ಎಂದು ಊರು ಅದಕ್ಕೂ ಒಂದು ನಗೆ ನಗುತ್ತದೆ.

ಹಾಗಾಗಬಾರದು. ಹಿಂದೆ ಬರುವ ದಾರಿ ಬೆರಳ ತುದಿಯಲ್ಲೇ ಇತ್ತು, ಆದರೂ ಮುಂದಕ್ಕೇ ಹೋದಳು ಎಂದು ಊರಿಗೆಲ್ಲ ಗೊತ್ತಿರಬೇಕು. ಎಲ್ಲರಿಗಿಂತ ಮೊದಲು ಚಂದಪ್ಪನಿಗೆ ಗೊತ್ತಿರಬೇಕು.

ಅವಳು ಎದ್ದು, "ಸಾಬಣ್ಣಾ, ನಿನ್ನ ಬಾಯಿಗೆ ಸಕ್ಕರಿ ಹಾಕ್ತೇನಿ," ಎಂದು ಬಸ್ಸು ಹಿಡಿದಳು. ಮುರ್ತುಜಸಾಬನಿಗೆ ತಾನು ಏನು ಹೇಳಿದೆನೆಂದು ತಿಳಿಯಲಿಲ್ಲ.

ದುಂಡೇಶ ತೋರಿಸಿದ್ದ ಮೂರನೆಯ ನಮೂನೆಯ ಹೊಸ ಗಾಡಿ ಊರಿಗೆ ಬಂದ ದಿನ ಬೀರಪ್ಪನ ಗುಡಿಯ ಮುಂದೆ ಅದಕ್ಕೆ ಭಂಡಾರ ಹಚ್ಚಿ ಕಾಯಿ ಒಡೆದರು. ಲಕ್ಷ್ಮಣ ಹೊಸ ಪಟಗ ಸುತ್ತಿಕೊಂಡು ಬೆಲ್ಲ ಹಂಚಿದ. ಚಂದಪ್ಪನೂ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಆಟಿಗಿ ಇದ್ದಂಗೈತಿ. ಚಲೋ ಆತು ತಂಗಿ," ಎಂದ.

"ಹತ್ತಿ ನೋಡು ಬಾ ಅಣ್ಣಾ."

"ಏ, ನಾ ಏನ ನೋಡ್ಲಿ. ನನಗ ನನ್ನ ಹಳೀದ ಚಲೋ."

"ಹಳೀದರಾಗ ರಿವರ್ಸ್ ಬೀಳಂಗಿಲ್ಲಲ್ಲ. ಅದಕ್ಕ ಕರದೆ."

ಕಟ್ಟೆಯ ಮೇಲಿದ್ದವರು ನಕ್ಕರು. ರಂಗವ್ವ ನಗಲಿಲ್ಲ. ಹತ್ತಿ ಕೂತು ಗುಡಿಯ ಮುಂದಿನ ಬಯಲಲ್ಲೇ ಗಾಡಿಯನ್ನು ಮುಂದಕ್ಕೆ ಬಿಟ್ಟಳು, ಹಿಡಿಕೆ ಎಳೆದಳು, ಹಿಂದಕ್ಕೆ ತಂದಳು. ಮುಂದೆ, ಹಿಂದೆ. ಮತ್ತೆ ಮುಂದೆ, ಮತ್ತೆ ಹಿಂದೆ. ಒಂದು ಸಲವೂ ಕರ್ ಎನ್ನಲಿಲ್ಲ. ನಗುತ್ತಿದ್ದವರು ಒಬ್ಬೊಬ್ಬರಾಗಿ ಚಂದಪ್ಪನ ಕಡೆ ತಿರುಗಿ ನೋಡಿದರು. ಚಂದಪ್ಪ ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ನಿಂತಿದ್ದ.

"ಎಷ್ಟ ಸಲ ಎಳದ್ರೂ ಬೀಳ್ತೈತಿ ನೋಡಣ್ಣಾ," ಎಂದಳು. "ಬುದ್ಧ ಪೂರ್ಣಿಮೆ ಆದ ಮ್ಯಾಲ ಬದುವಿನ ಕಡೆ ಹರಗಬೇಕಂತ ಮಾಡೇನಿ. ಆ ಕಡೆಗೂ ಎರಡ ಸಾಲ ಗಿಡ ಹಚ್ಚೂದೈತಿ."

ಆ ಮೇಲಿನ ದಿನಗಳಲ್ಲಿ ಚಂದಪ್ಪ ಹೊಲ ಬಿಟ್ಟು ಕದಲಲಿಲ್ಲ. ಬಾದಾಮಿಯ ಬೀಗರು ಮದುವೆಗೆ ಕರೆದರು, ಹೆಂಡತಿಯನ್ನಷ್ಟೇ ಕಳಿಸಿದ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂದು ಅಪ್ಪನ ಸಮಾಧಿಯ ಹತ್ತಿರ ಬೇವಿನ ಗಿಡದ ನೆರಳು ಸರಿದಂತೆ ತಾನೂ ಸರಿಯುತ್ತ ಕೂರುತ್ತಿದ್ದ. ರಂಗವ್ವನಿಗೆ ಅವಸರವಿರಲಿಲ್ಲ. ಹೊಲದ ಆಚೆ ತುದಿಯಲ್ಲಿ ಒಂದು ಹಳೆಯ ಬುಟ್ಟಿಯನ್ನು ಬೋರಲು ಹಾಕಿ, ಗಾಡಿಯನ್ನು ಅದರ ತನಕ ತಂದು, ತಾಗಿಸದೆ ನಿಲ್ಲಿಸಿ, ಹಿಂದಕ್ಕೆ ಒಯ್ಯುವುದನ್ನು ರೂಢಿ ಮಾಡಿಕೊಂಡಳು. ಮೊದಮೊದಲು ಬುಟ್ಟಿ ಚಪ್ಪಟೆಯಾಯಿತು. ಇನ್ನೊಂದು ತಂದಳು. ಕೊನೆಗೆ ಬುಟ್ಟಿಗೂ ಗಾಡಿಗೂ ನಡುವೆ ಒಂದು ಗೇಣು ಉಳಿಯತೊಡಗಿತು. ಚಂದಪ್ಪ ದೂರದಿಂದ ಅದನ್ನು ನೋಡುತ್ತಿದ್ದ. ಅವನು ನೋಡುತ್ತಾನೆಂದೇ ಅವಳು ಅದನ್ನು ದಿನಾ ಮಾಡುತ್ತಿದ್ದಳು.

ಬುದ್ಧ ಪೂರ್ಣಿಮೆ ಕಳೆದು ಒಂದು ಅಡ್ಡಮಳೆ ಬಿದ್ದು ನೆಲ ಹದವಾಯಿತು. ಭಾನುವಾರ ಹೊತ್ತೇರುವ ಮೊದಲೇ ರಂಗವ್ವ ಗಾಡಿಯ ಹಿಂದೆ ರೂಟರ್ ಕಟ್ಟಿಕೊಂಡು ಬದುವಿನ ಕಡೆ ಬಂದಳು. ಅದರ ಬಾಗಿದ ಅಲಗುಗಳು ಎರೆ ಮಣ್ಣನ್ನು ಹಿಟ್ಟು ಮಾಡುತ್ತ ಬಂದವು. ಪಕ್ಕದ ಹೊಲದಲ್ಲಿ ಉಳ್ಳಾಗಡ್ಡಿ ಕೀಳುತ್ತಿದ್ದ ಹೆಂಗಸರು ನೋಡುತ್ತ ನಿಂತರು.

ಗಾಡಿ ಸುಣ್ಣದ ಕಲ್ಲುಗಳ ಹತ್ತಿರ ಬಂದು ಒಂದು ಗೇಣಿಗೆ ನಿಂತಿತು. ಅವಳು ರೂಟರ್ ಎತ್ತಿ, ಹಿಡಿಕೆ ಎಳೆದು ಹಿಂದಕ್ಕೆ ಹೋದಳು. ಇನ್ನೊಂದು ಸಾಲು ಹಿಡಿದು ಮತ್ತೆ ಬಂದಳು. ಈ ಸಲ ಮುಂದಿನ ಗಾಲಿ ಒಂದು ಕಲ್ಲನ್ನು ತಾಗಿ ಅದು ಮಗ್ಗುಲಾಯಿತು.

ಚಂದಪ್ಪ ಓಡಿ ಬಂದು ಸಮಾಧಿಗೂ ಗಾಡಿಗೂ ನಡುವೆ ನಿಂತ. "ಏನ ಮಾಡಾಕತ್ತಿ ರಂಗಿ? ಹಿಂದ ತಗಿ."

"ತಗೀತೇನಿ. ಆಮ್ಯಾಲ ಮತ್ತ ಬರ್ತೇನಿ."

"ನಿನಗೂ ಅಂವ ಕಾಕಾ. ಎತ್ತಿ ಆಡಿಸ್ಯಾನ ನಿನ್ನ."

ಅದು ಸುಳ್ಳಲ್ಲ. ಯಲ್ಲಪ್ಪ ಕಾಕಾನ ಹೆಗಲ ಮೇಲೆ ಕೂತು ಅವಳು ಕುರಿಹಟ್ಟಿಗೆ ಹೋಗುತ್ತಿದ್ದಳು. ಅವನ ಕಂಬಳಿಯಲ್ಲಿ ಸುತ್ತಿಕೊಂಡು ಮಳೆಯಲ್ಲಿ ನಿದ್ದೆ ಮಾಡಿದ್ದಳು. ಬೆಳಿಗ್ಗೆ ಗಾಡಿ ಹತ್ತುವ ಮುನ್ನ ಅವಳು ಮನಸ್ಸಿನಲ್ಲೇ ಅವನಿಗೊಂದು ಮಾತು ಹೇಳಿ ಬಂದಿದ್ದಳು: ಕಾಕಾ, ಸಿಟ್ಟಾಗಬ್ಯಾಡ, ನಿನ್ನ ಮಗನ ಕೂಡ ಮಾತೈತಿ.

"ಹೌದು, ಕಾಕಾ," ಎಂದಳು. "ನಮ್ಮಪ್ಪ ನಿನಗ ದೊಡಪ್ಪ ಆಗಿದ್ದ."

"ಅದು ಗೇರ..."

"ಅನ್ನು. ಪೂರಾ ಅನ್ನು." ಅವಳು ಇಂಜಿನ್ನಿನ ಸದ್ದನ್ನು ಮೀರದಂತೆ, ಅವನಿಗಷ್ಟೇ ಕೇಳುವಂತೆ ಮಾತಾಡಿದಳು. "ನಾ ಅನ್ನಂಗಿಲ್ಲ ನೋಡು. ಇವತ್ತ ಕಾಕಾನ ಮ್ಯಾಲ ಹಾಯಿಸಿದ್ರ, ಗೇರ ಬೀಳಲಿಲ್ಲ ಅಂತ ನಾ ಹೇಳಂಗಿಲ್ಲ. ಸಂಜೀಕ ಕಟ್ಟಿ ಮ್ಯಾಲ ಭಂಡಾರ ಹಿಡದು ಹೇಳ್ತೇನಿ, ರಿವರ್ಸ್ ಬೀಳ್ತಿತ್ತು, ಎಳೀಲಿಲ್ಲ, ಬೇಕಂತ ಹಾಯಿಸಿದೆ, ಯಾಕಂದ್ರ ಚಂದಪ್ಪ ನಮ್ಮಪ್ಪನ್ನ ಬೇಕಂತ ಹರಗಿದ ಅಂತ. ಊರು ನನಗ ಉಗುಳಿದ್ರ ಉಗುಳ್ಲಿ. ಆದರ ನಾ ಖರೇ ಹೇಳಿದ ಮ್ಯಾಲ ನಿನ್ನ ಮಾತನ್ನ ಯಾರ ನಂಬ್ತಾರ? ಬಾಜೂಕ ಸರಿ ಈಗ."

ಅವಳು ಹಿಂದಕ್ಕೆ ಹೋದಳು. ಬಹಳ ದೂರ ಹೋದಳು. ಅಲ್ಲಿಂದ ರೂಟರ್ ಇಳಿಸಿ, ಗಾಡಿಯ ಮೂತಿಯನ್ನು ಸಮಾಧಿಯ ನಡುಮಧ್ಯಕ್ಕೆ ಹಿಡಿದು ಬರತೊಡಗಿದಳು. ಎಡಗೈ ಹಿಡಿಕೆಯ ಹತ್ತಿರವೂ ಇರಲಿಲ್ಲ. ತೊಡೆಯ ಮೇಲಿತ್ತು. ಚಂದಪ್ಪನಿಗೆ ಅದು ಕಾಣುತ್ತಿತ್ತು. ಅವಳು ನಿಲ್ಲಿಸುತ್ತಾಳೋ ಇಲ್ಲವೋ ಎಂದು ಆ ಹೊತ್ತಿನಲ್ಲಿ ಅವಳಿಗೂ ಗೊತ್ತಿರಲಿಲ್ಲ.

"ಬೀಳ್ತಿತ್ತು," ಎಂದ ಚಂದಪ್ಪ. ಕೈಗಳನ್ನು ಅಡ್ಡ ಹಿಡಿದಿದ್ದ. "ರಿವರ್ಸ್ ಬೀಳ್ತಿತ್ತ ತಂಗಿ. ನಾ ಎಳೀಲೇ ಇಲ್ಲ."

ಗಾಡಿ ಅವನ ಮೊಣಕಾಲ ಮುಂದೆ ನಿಂತಿತು.

"ದೊಡಪ್ಪನ ಗುರ್ತ ಇರೂತನಾ ನೀ ಹೊಲಾ ಬಿಡಂಗಿಲ್ಲ ಅನಿಸ್ತು. ಗುರ್ತ ಹೋತಂದ್ರ ಹೆಣ್ಣಮಗಳು, ಗಂಡನೂರಿಗೆ ಹೋಗ್ತಾಳ ಅಂತ ಮಾಡಿದ್ದೆ." ಅವನು ಅಲ್ಲೇ ಮಣ್ಣಿನ ಮೇಲೆ ಕೂತ. "ಆತಲ್ಲ. ಹೇಳಿದ್ನಲ್ಲ. ಇನ್ನ ಹೋಗು."

"ನನಗ ಮೊದಲ ಗೊತ್ತಿತ್ತು. ನನಗ್ಯಾಕ ಹೇಳ್ತಿ? ಇವತ್ತ ಐತಾರ, ಹಿರೇರೆಲ್ಲ ಕಟ್ಟಿ ಮ್ಯಾಲ ಇರ್ತಾರ. ಏಳು."

"ನಾಳೆ ಬರ್ತೇನಿ. ನನ್ನ ಮಾತ ಕೇಳು."

ರಂಗವ್ವ ರೂಟರನ್ನು ಎತ್ತಲಿಲ್ಲ. ಅಲಗುಗಳು ನಿಂತಲ್ಲೇ ತಿರುಗುತ್ತ ಮಣ್ಣು ಎರಚಿದವು. ಚಂದಪ್ಪ ಎದ್ದ.

ಅವನು ಮುಂದೆ ನಡೆದ. ರಂಗವ್ವ ರೂಟರ್ ಎತ್ತಿ, ಗಾಡಿಯನ್ನು ಎಲ್ಲಕ್ಕಿಂತ ಸಣ್ಣ ಗೇರಿಗೆ ಹಾಕಿದಳು. ಆ ಗೇರಿನಲ್ಲಿ ಗಾಡಿ ಮನುಷ್ಯ ನಡೆದಷ್ಟೇ ನಡೆಯುತ್ತದೆ. ಬದು ದಾಟಿ, ಬಂಡಿದಾರಿ ಹಿಡಿದು, ಡಾಂಬರು ರಸ್ತೆಗೆ ಹತ್ತಿ ಊರಿಗೆ ಬರುವ ತನಕ ಅವನ ಹಿಮ್ಮಡಿಗೂ ಗಾಡಿಯ ಮೂತಿಗೂ ನಡುವೆ ಒಂದು ಮಾರು ಮಾತ್ರ ಇತ್ತು. ಅವನು ಬೇಗ ನಡೆದರೆ ಬೇಗ ಬಂದಳು, ನಿಂತರೆ ನಿಂತಳು. ಉಳ್ಳಾಗಡ್ಡಿ ಬಿಟ್ಟು ಹೆಂಗಸರು ಹಿಂದೆ ಬಂದರು. ಹಿಟ್ಟಿನ ಗಿರಣಿಯವನು ಗಿರಣಿ ನಿಲ್ಲಿಸಿ ಹೊರಗೆ ಬಂದ. ಯಾರೋ, "ಯಾಕ ಚಂದಪ್ಪಣ್ಣಾ, ಮೆರವಣಿಗಿ ನಡದೈತಿ?" ಎಂದರು. ಅವನು ತಲೆಯೆತ್ತಲಿಲ್ಲ. ಮನೆಯ ಓಣಿ ಬಂದಾಗ ಒಂದು ಕ್ಷಣ ಅತ್ತ ಹೊರಳಲು ನೋಡಿದ. ರಂಗವ್ವ ಹಾರ್ನ್ ಒತ್ತಿದಳು, ಅಷ್ಟೇ.

ಹೊಲದಿಂದ ಸುದ್ದಿ ಕೇಳಿ ಓಡಿಬಂದ ಲಕ್ಷ್ಮಣ ಗುಡಿಯ ಹತ್ತಿರ ಗಾಡಿಗೆ ಅಡ್ಡ ಬಂದ. "ಸಾಕ ಬಿಡ, ಮಂದಿ ನೋಡಾಕತ್ತಾರ," ಎಂದು ಮೆತ್ತಗೆ ಅಂದ.

"ನೋಡ್ಲಿ ಅಂತನ ಕರಕೊಂಡ ಬಂದೇನ್ರಿ," ಎಂದಳು ರಂಗವ್ವ. ಅವನು ಪಕ್ಕಕ್ಕೆ ಸರಿದ.

ಚಂದಪ್ಪ ಗುಡಿಯೊಳಗೆ ಹೋಗಿ ಭಂಡಾರ ಹಿಡಿದು ಬಂದು ಕಟ್ಟೆಯ ಮುಂದೆ ನಿಂತ. ಹಿರಿಯರು ಅವನ ಮುಖವನ್ನೂ ಗಾಡಿಯನ್ನೂ ನೋಡಿದರು. ಅವನ ತುಟಿ ಅಲುಗಿತು, ಮಾತು ಇಂಜಿನ್ನಿನ ಸದ್ದಿನಲ್ಲಿ ಹೋಯಿತು. ಅವನು ಹಿಂದಕ್ಕೆ ತಿರುಗಿ, "ಗಾಡಿ ಬಂದ್ ಮಾಡ ತಂಗಿ, ಕೇಳಸಂಗಿಲ್ಲ ಅವರಿಗೆ," ಎಂದ.

ರಂಗವ್ವ ಬಂದ್ ಮಾಡಲಿಲ್ಲ. "ಜೋರ ಹೇಳು," ಎಂದಳು.

ಅವನು ಜೋರಾಗಿ ಹೇಳಿದ. ಅರಿಷಿಣ ಉದುರದಂತೆ ಬೆರಳುಗಳನ್ನು ಬಿಗಿಯಾಗಿ ಮಡಚಿಕೊಂಡಿದ್ದ. ಕಟ್ಟೆಯ ಮೇಲಿನ ಮುದುಕನೊಬ್ಬ ಕಿವಿಗೆ ಕೈಯಿಟ್ಟು, "ಏನಂದಿ? ನನಗ ಕೇಳಸಲಿಲ್ಲ, ಇನ್ನೊಮ್ಮೆ ಹೇಳು," ಎಂದ. ಚಂದಪ್ಪ ಇನ್ನೊಮ್ಮೆ ಹೇಳಿದ. ಹಿಂದೆ ಬಂದು ನಿಂತ ಹೆಂಗಸರಲ್ಲಿ ತಡವಾಗಿ ಬಂದವಳೊಬ್ಬಳು ಪಕ್ಕದವಳನ್ನು ಏನೆಂದು ಕೇಳುತ್ತಿದ್ದಳು.

ರಂಗವ್ವ ಸೀಟಿನ ಮೇಲೆ ಸರಿಯಾಗಿ ಕೂತುಕೊಂಡು, ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು.

"ಇವರಿಗೂ ಹೇಳಣ್ಣಾ," ಎಂದಳು. "ಈಗ ಬಂದಾರ."